ಸೈಟಿನ ಲೆಕ್ಕವನ್ನು ಸೈಟಿನಲ್ಲೇ ಬರೆಯಬೇಕು

ಕಾಸರಗೋಡಿನ ಕಟ್ಟಡ ಕಂಪನಿಗಳಿಗೆ ಕಂಪ್ಯೂಟರು ಹೊಸತಲ್ಲ. ನಕ್ಷೆಗೆ ಆಟೋಕ್ಯಾಡ್, ಲೆಕ್ಕಕ್ಕೆ ಟ್ಯಾಲಿ ಎಂದೋ ಬಂದಿವೆ. 2017ರ ಜುಲೈಯಲ್ಲಿ ಜಿಎಸ್‌ಟಿ ಜಾರಿಯಾದ ಮೇಲೆ ಕೈಬರಹದ ಬಿಲ್ಲಿನಲ್ಲೇ ದಿನ ದೂಡುವುದು ಸಣ್ಣ ಗುತ್ತಿಗೆದಾರರಿಗೂ ಕಷ್ಟವಾಯಿತು. ಕಟ್ಟಡ ಪರವಾನಗಿಯ ಅರ್ಜಿಯೂ ಈಗ ಕೇರಳ ಸರಕಾರದ ಕೆ-ಸ್ಮಾರ್ಟ್ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ಹೋಗುತ್ತದೆ. 2024ರ ಜನವರಿಯಲ್ಲಿ ನಗರಸಭೆಗಳಲ್ಲಿ ಶುರುವಾದ ಈ ವ್ಯವಸ್ಥೆ 2025ರ ಏಪ್ರಿಲ್‌ನಲ್ಲಿ ಪಂಚಾಯತುಗಳಿಗೂ ಬಂತು. ಇವೆಲ್ಲ ಹೊರಗಿನ ಒತ್ತಾಯದಿಂದ ಆದವು. ಯಾರೂ ಒತ್ತಾಯಿಸದ ಸೈಟಿನಲ್ಲಿ ಮಾತ್ರ ಇನ್ನೂ ಮೇಸ್ತ್ರಿಯ ಜೇಬಿನ ಚೀಟಿಯೇ ದಾಖಲೆ.

ಕಬ್ಬಿಣದ ಲೆಕ್ಕವನ್ನೇ ನೋಡಿ. ಅಂಗಡಿಯವರು ತೂಕದಲ್ಲಿ ಬಿಲ್ಲು ಮಾಡುತ್ತಾರೆ, ಮೇಸ್ತ್ರಿ ಸರಳುಗಳನ್ನು ಎಣಿಸುತ್ತಾರೆ, ನಕ್ಷೆ ಉದ್ದವನ್ನು ಹೇಳುತ್ತದೆ. ಮಿಲಿಮೀಟರಿನಲ್ಲಿ ಅಳೆದ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರು ಸರಳಿನ ತೂಕ ಕಿಲೋದಲ್ಲಿ ಸಿಗುತ್ತದೆ. 12 ಮಿಲಿಮೀಟರಿನ ಸರಳಾದರೆ ಮೀಟರಿಗೆ ಸುಮಾರು 0.89 ಕಿಲೋ. ಇಷ್ಟನ್ನು ಯಾವ ತಂತ್ರಾಂಶವಾದರೂ ಕಣ್ಣುಮುಚ್ಚಿ ಮಾಡುತ್ತದೆ. ಆದರೆ ಕತ್ತರಿಸಿ ಉಳಿದು ತರ್ಪಾಲಿನಡಿ ಬಿದ್ದಿರುವ, ಕಿಟಕಿಯ ಲಿಂಟಲಿಗೆ (ಮೇಲಿನ ಅಡ್ಡತೊಲೆಗೆ) ಸಾಕಾಗುವ ಒಂದೂವರೆ ಮೀಟರಿನ ತುಂಡುಗಳನ್ನು ಬರೆದುಕೊಳ್ಳುವವರು ಯಾರು? ಯಾರೂ ಬರೆಯದಿದ್ದರೆ ಪರದೆಯ ಮೇಲೆ ಅವು ಖರ್ಚಾಗಿರುತ್ತವೆ, ಆಫೀಸು ಹೊಸ ಸರಳಿಗೆ ಆರ್ಡರು ಕೊಡುತ್ತದೆ. ಸಿಮೆಂಟಿನ ಕತೆಯೂ ಇದೇ: ಮೊದಲು ಬಂದ ಚೀಲ ಮೊದಲು ಖಾಲಿಯಾಗಬೇಕು, ಇಲ್ಲವಾದರೆ ನಮ್ಮ ಜೂನ್ ತಿಂಗಳ ತೇವಕ್ಕೆ ಅದು ಗಟ್ಟಿಯಾಗುತ್ತದೆ.

ನಾನು ಕಂಡಂತೆ, ಫೋನಿನಲ್ಲಿ ಸರಕಿನ ಲೆಕ್ಕ ಬರೆಯಲು ಹೇಳಿದರೆ ಮೇಸ್ತ್ರಿಗಳು ಹಿಂಜರಿಯುವುದು ತಿಳಿಯದೆ ಅಲ್ಲ, ಅದು ತಮ್ಮ ಮೇಲಿನ ಕಾವಲು ಎಂಬ ಸಂಶಯದಿಂದ. (ಆ ಸಂಶಯ ಪೂರ್ತಿ ಸುಳ್ಳೂ ಅಲ್ಲವೆನ್ನಿ.) ಅದೇ ಫೋನಿನಲ್ಲಿ ಹಾಜರಿ ಹಾಕಿ, ಶನಿವಾರದ ಬಟವಾಡೆಯನ್ನು ಅದರಿಂದಲೇ ಲೆಕ್ಕಹಾಕಿ ಕೊಟ್ಟರೆ ಚೀಟಿ ತಾನಾಗಿ ಮರೆಯಾಗುತ್ತದೆ, ಏಕೆಂದರೆ ಬಂಗಾಳ, ಒಡಿಶಾದ ಕೆಲಸಗಾರರೊಡನೆ ಕೂಲಿಯ ಚರ್ಚೆ ತಪ್ಪುವುದು ಮೊದಲು ಮೇಸ್ತ್ರಿಗೇ ಲಾಭ. ಹಾಜರಿ ಒಗ್ಗಿದ ಮೇಲೆ ಸರಕಿನ ಲೆಕ್ಕವನ್ನು ಸೇರಿಸುವುದು ಕಷ್ಟವಲ್ಲ.

ಆದ್ದರಿಂದ ತಂತ್ರಾಂಶ ಮಾರಲು ಬರುವವರ ಬಣ್ಣದ ಗ್ರಾಫುಗಳನ್ನು ನಾನು ಕೊನೆಗೆ ನೋಡುತ್ತೇನೆ. ಗುಡ್ಡದ ಆಚೆ ನೆಟ್‌ವರ್ಕ್ ಇಲ್ಲದಲ್ಲಿ ಇದು ನಡೆಯುತ್ತದೆಯೇ, ತುಂಡು ಸರಳನ್ನು ವಾಪಸು ದಾಸ್ತಾನಿಗೆ ಸೇರಿಸಲು ಎಷ್ಟು ಸಲ ಒತ್ತಬೇಕು ಎಂದು ಮೊದಲು ಕೇಳುತ್ತೇನೆ. ಮೂರಕ್ಕಿಂತ ಹೆಚ್ಚಾದರೆ ಮೇಸ್ತ್ರಿ ಒತ್ತುವುದಿಲ್ಲ.