ಶೇಂಗಾ ಹೊಲದಲ್ಲಿ ಮಲಗಿ ಎಣಿಸಿದ ಉಲ್ಕೆಗಳು

ಬೆಂಗಳೂರಿನ ನಮ್ಮ ಮನೆ ಟೆರೇಸ್ ಮೇಲೆ ಮೂರು ಡಿಸೆಂಬರ್ ಕತ್ತು ನೋಯಿಸಿಕೊಂಡು ನಾನು ನೋಡಿದ್ದು ಒಟ್ಟು ನಾಲ್ಕೇ ನಾಲ್ಕು ಉಲ್ಕೆ. ಅದಕ್ಕೇ 2023ರ ಡಿಸೆಂಬರ್ 14ರ ಸಂಜೆ ಹಿರಿಯೂರಿನ ಬಸ್ ಹತ್ತಿದೆ. ಅಮಾವಾಸ್ಯೆ ಕಳೆದು ಎರಡು ದಿನ ಆಗಿತ್ತು, ಚಂದ್ರನ ಕಾಟ ಇರಲಿಲ್ಲ. ಮಾರಿಕಣಿವೆ ಹತ್ತಿರ ಗೆಳೆಯನ ಹೊಲ. ಶೇಂಗಾ ಕಿತ್ತು ಖಾಲಿ ಬಿದ್ದಿತ್ತು.

ಚಳ್ಳಕೆರೆ ಕಂಬಳಿ ಹಾಸಿ ಅಂಗಾತ ಮಲಗಿದೆವು. ಕುರಿಯ ವಾಸನೆ, ಬೆನ್ನಿಗೆ ಚುಚ್ಚೋ ಉಣ್ಣೆ, ಅದರಡಿ ಹೆಂಟೆ. ದುರ್ಬೀನು ತಂದಿದ್ದೆ, ಸುಮ್ನೆ ಭಾರ. ಉಲ್ಕೆ ಎಲ್ಲಿ ಬೀಳುತ್ತೆ ಅಂತ ಗೊತ್ತಿಲ್ಲದಾಗ ಇಡೀ ಆಕಾಶ ಕಾಣಬೇಕು, ಅದಕ್ಕೆ ಬರಿಗಣ್ಣೇ ಸರಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳೋಕೆ ಅರ್ಧ ಗಂಟೆ ಬೇಕು, ಒಂದು ಸಲ ಮೊಬೈಲ್ ನೋಡಿದರೆ ಮತ್ತೆ ಮೊದಲಿಂದ ಶುರು.

ಇದು ಜೆಮಿನಿಡ್ಸ್, ಪ್ರತಿ ಡಿಸೆಂಬರಿನಲ್ಲಿ ಬರೋ ಮಿಥುನ ರಾಶಿಯ ಉಲ್ಕಾಪಾತ. ಪುನರ್ವಸುವಿನ ಜೋಡಿ ನಕ್ಷತ್ರಗಳ ಹತ್ತಿರದಿಂದ ಚಿಮ್ಮಿದ ಹಾಗೆ ಕಾಣುತ್ತೆ. ಹೆಚ್ಚಿನ ಉಲ್ಕಾಪಾತಗಳಿಗೆ ಧೂಮಕೇತುವಿನ ಧೂಳು ಕಾರಣ. ಆದರೆ ಇದಕ್ಕೆ 1983ರಲ್ಲಿ ಸಿಕ್ಕ ಫೇಥಾನ್ ಅನ್ನೋ ಕ್ಷುದ್ರಗ್ರಹ. ಅದು ಉದುರಿಸಿದ ಮರಳಿನಷ್ಟು ಚೂರುಗಳು ಸೆಕೆಂಡಿಗೆ 35 ಕಿಲೋಮೀಟರ್ ವೇಗದಲ್ಲಿ ನಮ್ಮ ಗಾಳಿಗೆ ನುಗ್ಗಿ ಹೊತ್ತಿಕೊಳ್ಳುತ್ತವೆ. ಉಳಿದ ಕೆಲವು ಉಲ್ಕೆಗಳಿಗೆ ಹೋಲಿಸಿದರೆ ಇದು ನಿಧಾನವೇ, ಅದಕ್ಕೆ "ಅಲ್ಲಿ ನೋಡು" ಅನ್ನೋಷ್ಟು ಪುರಸೊತ್ತು ಸಿಗುತ್ತೆ.

ಹನ್ನೆರಡರ ಮೇಲೆ ಪುನರ್ವಸು ನೆತ್ತಿಗೆ ಬರ್ತಾ ಇದ್ದ ಹಾಗೆ ಲೆಕ್ಕ ಏರಿತು. ಹತ್ತು ನಿಮಿಷ ಏನೂ ಇಲ್ಲ, ಆಮೇಲೆ ಒಂದರ ಹಿಂದೆ ಒಂದು ಮೂರು. ನಲವತ್ತೊಂದನೆಯದು ಬಿದ್ದಾಗ ಯಾರದೋ ಟಾರ್ಚ್ ಸೀದಾ ಮುಖಕ್ಕೆ ಬಡಿಯಿತು. ಗೆಳೆಯನ ಅಪ್ಪ! ತ್ರೀ ಫೇಸ್ ಕರೆಂಟ್ ಬಂದಿದೆ ಅಂತ ಮೋಟಾರ್ ಹಾಕೋಕೆ ಹೊರಟಿದ್ದರು.

"ಇದನ್ನ ನೋಡಾಕೆ ಬೆಂಗ್ಳೂರಿಂದ ಬಂದ್ಯೇನಪ್ಪಾ? ನಾನು ನೀರು ಕಟ್ಟೋವಾಗ ದಿನಾ ನೋಡ್ತೀನಿ."

ಟಾರ್ಚ್ ಆರಿಸಿ ಅಂತ ಕೇಳಿಕೊಂಡೆ. ಆರಿಸಿ ಕಂಬಳಿ ಅಂಚಲ್ಲಿ ಕೂತರು. ಅಷ್ಟರಲ್ಲಿ ಹಳದಿ ಬೆಳಕಿನ ದೊಡ್ಡ ಉಲ್ಕೆಯೊಂದು ತೆಂಗಿನ ತೋಟದ ಕಡೆ ಉದ್ದಕ್ಕೆ ಜಾರಿತು.

"ಎಷ್ಟಾದ್ವು ಈಗ?" ಅಂದರು.

"ನಲವತ್ತೆರಡು, ಅಂಕಲ್."

"ನಾನು ಬರೋವಾಗ ದಾರೀಲಿ ಎರಡು ಕಂಡೆ, ಅವನ್ನೂ ಸೇರಿಸ್ಕೋ."

ಮೋಟಾರ್ ಶುರುವಾಗಿದ್ದು ಎರಡು ಗಂಟೆ ಮೇಲೆ.