ಇಪ್ಪತ್ತಮೂರು ಸೇತುವೆ, ಒಂದು ಸ್ಟ್ರಾಲರ್

"ಸ್ಟ್ರಾಲರ್ ಬೇಡ ಅಂತ ನಾನು ಮೊದಲೇ ಹೇಳಿದ್ದೆ." ಈ ಮಾತನ್ನು ಆ ದಿನ ಎಷ್ಟು ಸಲ ಆಡಿದೆನೋ ನನಗೇ ಲೆಕ್ಕವಿಲ್ಲ. ಸೇತುವೆಗಳ ಲೆಕ್ಕ ಮಾತ್ರ ಪಕ್ಕಾ ಇದೆ. ಏಳು ವರ್ಷದ ಮಗಳು ಅದನ್ನು ಬರೆದಿಟ್ಟಿದ್ದಾಳೆ.

ನಾವಿರುವುದು ಮ್ಯೂನಿಕ್‌ನಲ್ಲಿ. ಬವೇರಿಯಾದ ಶಾಲೆಗಳಿಗೆ ಜೂನ್ ಹೊತ್ತಿಗೆ ಎರಡು ವಾರ ಫಿಂಗ್ಸ್ಟ್ ರಜೆ. ಮಗಳು ಒಂದನೇ ಕ್ಲಾಸಿಗೆ ಸೇರುವ ತನಕ ಟಿಕೆಟ್ ಯಾವಾಗ ಅಗ್ಗವೋ ಆವಾಗ ಹೊರಟುಬಿಡುತ್ತಿದ್ದೆವು. ಈಗ ಆ ಆಟ ನಡೆಯುವುದಿಲ್ಲ. ಇಲ್ಲಿ ಶಾಲೆ ತಪ್ಪಿಸಿ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದರೆ ದಂಡ ಹಾಕಬಹುದು. ರಜೆ ಶುರುವಾಗುವ ಮುಂಚಿನ ದಿನಗಳಲ್ಲಿ ವಿಮಾನ ನಿಲ್ದಾಣದಲ್ಲಿ ಪೊಲೀಸರೇ ಮಕ್ಕಳನ್ನು ನೋಡಿ ವಿಚಾರಿಸಿದ್ದೂ ಉಂಟು. ಒಬ್ಬಳೇ ಅಜ್ಜಿಯನ್ನು ಹೈಸ್ಕೂಲಲ್ಲಿ ಮೂರು ಸಲ ಸಾಯಿಸಿ ರಜೆ ಹಾಕಿದ ನನಗೆ ಇದು ಇನ್ನೂ ಅರಗಿಲ್ಲ.

ಹಾಗಾಗಿ ಎಲ್ಲರೂ ಹೊರಡುವ ಹೊತ್ತಿಗೇ ನಾವೂ ಹೊರಟೆವು, ವೆನಿಸ್‌ಗೆ. ಮ್ಯೂನಿಕ್‌ನಿಂದ ನೇರ ರೈಲಿದೆ, ಏಳು ಗಂಟೆಯ ಹತ್ತಿರ ಹಿಡಿಯುತ್ತದೆ. ಇನ್ಸ್‌ಬ್ರುಕ್ ದಾಟಿ, 1370 ಮೀಟರ್ ಎತ್ತರದ ಬ್ರೆನ್ನರ್ ಹತ್ತಿ ಇಳಿದರೆ ಇಟಲಿ. ಎರಡು ವರ್ಷದ ಮಗ ಇಡೀ ಆಲ್ಪ್ಸನ್ನು ನಿದ್ದೆಯಲ್ಲೇ ದಾಟಿದ. ಎದ್ದ ಮೇಲೆ ಅವನಿಗೆ ರೈಲಿನ ಕಸದ ಡಬ್ಬಿಯ ಮುಚ್ಚಳ ಸಿಕ್ಕಿತು. ವೆರೋನಾ ತನಕ ಅದನ್ನೇ ತೆಗೆದು ಹಾಕಿ, ತೆಗೆದು ಹಾಕಿ.

ಉಳಿದುಕೊಂಡದ್ದು ಮೆಸ್ತ್ರೆಯಲ್ಲಿ. ವೆನಿಸ್ ದ್ವೀಪದೊಳಗೆ ಹೋಟೆಲ್ ಬಾಡಿಗೆ ನೋಡಿದರೆ ಎದೆ ಧಸಕ್ ಅನ್ನುತ್ತದೆ. ಮೆಸ್ತ್ರೆ ನೆಲದ ಮೇಲಿನ ಊರು, ಆದರೆ ವೆನಿಸ್ ನಗರಸಭೆಗೇ ಸೇರಿದ್ದು. ರೈಲಿನಲ್ಲಿ ಹತ್ತು ನಿಮಿಷ. ಈಗ ವೆನಿಸ್‌ಗೆ ಬಂದು ಅವತ್ತೇ ವಾಪಸ್ ಹೋಗುವವರಿಗೆ ಕೆಲವು ದಿನ ಪ್ರವೇಶ ಶುಲ್ಕ ಇದೆಯಲ್ಲ, 2024ರಲ್ಲಿ ಶುರುವಾದದ್ದು, ಅದೂ ಮೆಸ್ತ್ರೆಯಲ್ಲಿ ತಂಗಿದರೆ ಕಟ್ಟಬೇಕಿಲ್ಲ. ಜೊತೆಗೆ ಊರ ತುಂಬ ಬಾಂಗ್ಲಾದೇಶದವರು. ಪಕ್ಕದ ಮಾರ್ಗೆರಾದ ಹಡಗು ಕಾರ್ಖಾನೆಗೆ ಕೆಲಸಕ್ಕೆ ಬಂದು ನೆಲೆಸಿದವರು ತುಂಬ ಜನ. ರಾತ್ರಿ ಎಂಟು ಗಂಟೆಗೆ ಅವರದೊಂದು ಅಂಗಡಿಯಲ್ಲಿ ಹಸಿಮೆಣಸಿನಕಾಯಿ, ಮೊಸರು, ಕಡಲೆಬೀಜ ಎಲ್ಲ ಸಿಕ್ಕಿತು. ಹೋಟೆಲ್ ರೂಮಲ್ಲಿ ಅಡುಗೆ ಮಾಡಬಾರದು ಅಂತ ಬೋರ್ಡಿತ್ತು. ನಮ್ಮ ಸೂಟ್‌ಕೇಸಲ್ಲಿ ಪುಟ್ಟ ರೈಸ್ ಕುಕ್ಕರ್ ಇತ್ತು. ಮುಂದಿನದನ್ನು ನಾನು ಹೇಳಬೇಕಾಗಿಲ್ಲ. ಬೆಳಗ್ಗೆ ಅಮ್ಮ ಕಳಿಸಿದ್ದ ಗೊಜ್ಜು ಹಾಕಿ ಪುಳಿಯೋಗರೆ ಕಲಸಿ ಡಬ್ಬಿ ತುಂಬಿದೆ, ಬಾತ್‌ರೂಮಿನ ಫ್ಯಾನ್ ಹಾಕಿಕೊಂಡು.

ಇನ್ನು ಸ್ಟ್ರಾಲರ್ ಜಗಳ. ವೆನಿಸ್‌ನಲ್ಲಿ ನಾನೂರಕ್ಕೂ ಜಾಸ್ತಿ ಸೇತುವೆಗಳಿವೆ, ಬಹುತೇಕ ಎಲ್ಲಕ್ಕೂ ಮೆಟ್ಟಿಲು, ಮಗನನ್ನು ಬೆನ್ನಿಗೆ ಕಟ್ಟಿಕೊಳ್ಳೋಣ ಅಂದೆ. ಗಂಡ ಒಪ್ಪಲಿಲ್ಲ. "ಹದಿಮೂರು ಕೆಜಿ ಹೊತ್ತುಕೊಂಡು ಬಿಸಿಲಲ್ಲಿ ಯಾರು ತಿರುಗ್ತಾರೆ? ಮಧ್ಯಾಹ್ನ ಮಲಗಬೇಕಲ್ಲ ಅವನು? ಮ್ಯೂನಿಕ್‌ನಲ್ಲಿ ಎಲ್ಲ ಕಡೆ ತಳ್ಕೊಂಡು ಹೋಗಲ್ವಾ?" ಮ್ಯೂನಿಕ್‌ನಲ್ಲಿ ಲಿಫ್ಟ್ ಇರುತ್ತೆ ಅಂದೆ. ಮಾತು ಅಲ್ಲಿಗೇ ನಿಂತಿತು. ಸ್ಟ್ರಾಲರ್ ನಿಲ್ಲಲಿಲ್ಲ, ನಮ್ಮ ಜೊತೆ ರೈಲು ಹತ್ತಿತು.

ಸಾಂತಾ ಲೂಚಿಯಾ ನಿಲ್ದಾಣದಿಂದ ಹೊರಗೆ ಬಂದರೆ ರಸ್ತೆಯೇ ಇಲ್ಲ. ಎದುರಿಗೆ ನಾಲ್ಕು ಹೆಜ್ಜೆಯಲ್ಲಿ ನೀರು, ಗ್ರ್ಯಾಂಡ್ ಕೆನಾಲ್. ಫೋಟೋದಲ್ಲಿ ಎಷ್ಟು ನೋಡಿದ್ದರೂ ಆ ಕ್ಷಣ ಬಾಯಿ ತೆರೆದುಕೊಂಡೇ ನಿಂತೆ. ಎಡಕ್ಕೆ ಸ್ಕಾಲ್ಸಿ ಸೇತುವೆ, 1934ರದು, ಬಿಳಿ ಕಲ್ಲಿನ ಒಂದೇ ಕಮಾನು. ಒಳ್ಳೆ ಬೆಟ್ಟ ಹತ್ತಿದ ಹಾಗೆ ಮೆಟ್ಟಿಲು. ಗಂಡ ಹಿಂದಿನ ಹಿಡಿ, ನಾನು ಮುಂದಿನ ಚಕ್ರ. ನಡುವೆ ಮಗ ಪಲ್ಲಕ್ಕಿಯಲ್ಲಿ ಕೂತ ಉತ್ಸವಮೂರ್ತಿ. ಮೇಲೆ ಹೋಗುವಷ್ಟರಲ್ಲಿ ನನ್ನ ಉಸಿರು ಕಿತ್ತುಬಂತು. ಮಗಳು ತನ್ನ ಡೈರಿ ತೆಗೆದು ಒಂದು ಗೀಟು ಎಳೆದಳು.

"ಏನದು?"

"ಬ್ರಿಡ್ಜ್ ಲೆಕ್ಕ. ಅಪ್ಪ ಎಷ್ಟು ಸಲ ಎತ್ತಿದ್ರು ಅಂತ."

ನಾಲ್ಕು ಗೀಟು, ಐದನೆಯದು ಅಡ್ಡ. ಅವಳಿಗೆ ಅದು ಶಾಲೆಯಲ್ಲಿ ಕಲಿಸಿದ್ದು. ನನಗೆ ನಮ್ಮಜ್ಜಿ ಅಡುಗೆಮನೆ ಗೋಡೆ ಮೇಲೆ ಇದ್ದಿಲಲ್ಲಿ ಬರೆಯುತ್ತಿದ್ದ ಹಾಲಿನ ಲೆಕ್ಕ.

ಸ್ಕಾಲ್ಸಿ ದಾಟಿದರೆ ಸಾಂತಾ ಕ್ರೋಚೆ ಅನ್ನುವ ಭಾಗ. ಪ್ರವಾಸಿಗಳ ನೂಕುನುಗ್ಗಲು ಇಲ್ಲಿ ಅಷ್ಟಿಲ್ಲ. ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುವಂಥ ಓಣಿಗಳು. ಕಾರಿಲ್ಲ, ಬೈಕಿಲ್ಲ, ಸೈಕಲ್ಲೂ ಇಲ್ಲ. ಮಗಳ ಕೈ ಬಿಟ್ಟು ನಡೆಯಬಹುದಲ್ಲ ಅಂತ ಖುಷಿಪಡುವಷ್ಟರಲ್ಲಿ ಓಣಿ ಸೀದಾ ನೀರಿನಲ್ಲಿ ಮುಗಿಯುತ್ತದೆ. ತಡೆಗೋಡೆ ಇಲ್ಲ, ಸರಪಳಿ ಇಲ್ಲ, ಏನೂ ಇಲ್ಲ. ಪಾಚಿ ಹಿಡಿದ ಎರಡು ಮೆಟ್ಟಿಲು, ಆಮೇಲೆ ಹಸಿರು ನೀರು. ಮತ್ತೆ ಕೈ ಹಿಡಿದುಕೊಂಡೆ.

ಐದನೆಯದೋ ಆರನೆಯದೋ ಸೇತುವೆಯ ನೆತ್ತಿಯಲ್ಲಿ ಉಸಿರು ತಗೊಳ್ಳಲು ನಿಂತಿದ್ದೆವು. ಮಗ ಸ್ಟ್ರಾಲರ್‌ನಿಂದ ಬಗ್ಗಿ ಕೆಳಗೆ ನೋಡಿದ. ಬಲಗಾಲಿನ ಹಳದಿ ಕ್ರಾಕ್ಸ್ ತೆಗೆದ. ಕಂಬಿಯ ಸಂದಿಯಲ್ಲಿ ತೂರಿಸಿ ಬಿಟ್ಟ. ಬಹಳ ಯೋಚನೆ ಮಾಡಿ ಮಾಡಿದ ಕೆಲಸದಂತಿತ್ತು.

ಕ್ರಾಕ್ಸ್ ಮುಳುಗಲಿಲ್ಲ. ಒಳ್ಳೆ ದೋಣಿಯ ಹಾಗೆ ಮೂತಿ ಎತ್ತಿಕೊಂಡು ಹೊರಟಿತು. ಮಗ ಚಪ್ಪಾಳೆ ತಟ್ಟಿದ. ಮಗಳು "ಪಾಪು ಶೂ! ಪಾಪು ಶೂ!" ಅಂತ ಕಿರುಚುತ್ತಾ ದಡದ ಕಡೆ ಓಡಿದಳು, ನಾನು ಅವಳ ಹಿಂದೆ. ಕೆಳಗೆ ಒಂದು ಸರಕಿನ ದೋಣಿ ಕಟ್ಟಿತ್ತು. ಅದರಲ್ಲೊಬ್ಬ ಐವತ್ತರ ಆಸುಪಾಸಿನ ಮನುಷ್ಯ ನೀರಿನ ಬಾಟಲಿಗಳ ಕ್ರೇಟ್ ಇಳಿಸುತ್ತಿದ್ದ. ನಮ್ಮ ಗಲಾಟೆ ಕೇಳಿ ತಿರುಗಿದ, ನೀರು ನೋಡಿದ, ಏನೂ ಅವಸರ ಮಾಡದೆ ಕೊಕ್ಕೆ ಇದ್ದ ಉದ್ದನೆಯ ಕೋಲು ತಗೊಂಡ. ನಮ್ಮೂರಲ್ಲಿ ಸೀಬೆಹಣ್ಣು ಕೀಳುವ ದೋಟಿಯ ಥರವೇ. ಒಂದೇ ಸಲಕ್ಕೆ ಕ್ರಾಕ್ಸಿನ ಪಟ್ಟಿಗೆ ಸಿಕ್ಕಿಸಿ ಎತ್ತಿ, ನೀರು ಬಸಿದು, "ಎಕ್ಕೋ" ಅಂತ ಮಗಳ ಕೈಗೆ ಕೊಟ್ಟ. ಆಮೇಲೆ ಸೇತುವೆ ಮೇಲಿದ್ದ ನನ್ನ ಗಂಡನನ್ನೂ ಸ್ಟ್ರಾಲರನ್ನೂ ನೋಡಿ ತಲೆ ಆಡಿಸಿದ. ಆ ತಲೆ ಆಡಿಸುವುದಕ್ಕೆ ಭಾಷೆ ಬೇಕಿಲ್ಲ. ನಾನು ಬೆಳಗ್ಗೆಯಿಂದ ಹೇಳುತ್ತಿದ್ದುದನ್ನೇ ಅವನೂ ಹೇಳಿದ.

ಆದರೆ ಪುಣ್ಯಾತ್ಮ ಅಷ್ಟಕ್ಕೆ ಬಿಡಲಿಲ್ಲ. ಕ್ರೇಟ್ ಪೇರಿಸಿದ ತನ್ನ ಕೈಗಾಡಿಯನ್ನು ಅದೇ ಸೇತುವೆ ಮೇಲೆ ತರಬೇಕಿತ್ತು. ವೆನಿಸ್‌ನ ಈ ಕೈಗಾಡಿ ನೋಡುವಂಥದ್ದು. ದೊಡ್ಡ ಎರಡು ಚಕ್ರದ ಜೊತೆಗೆ ಮುಂದೆ ಮೂತಿಯಲ್ಲಿ ಎರಡು ಪುಟ್ಟ ಚಕ್ರ. ಮೆಟ್ಟಿಲು ಬಂದಾಗ ಪುಟ್ಟ ಚಕ್ರ ಮೇಲಿನ ಮೆಟ್ಟಿಲ ಮೇಲೆ ಕೂತು ಭಾರ ಹಿಡಿಯುತ್ತದೆ, ದೊಡ್ಡದು ಹಿಂದೆಯೇ ಹತ್ತುತ್ತದೆ. ಊರಿನ ಅಕ್ಕಿ, ಬಿಯರು, ಫ್ರಿಜ್ಜು, ಕೊರಿಯರ್ ಎಲ್ಲ ಹೀಗೇ ದೋಣಿಯಿಂದ ಇಳಿದು ಕೈಗಾಡಿಯಲ್ಲಿ ಮನೆ ಸೇರಬೇಕು. ಜನ ಅಡ್ಡ ಬಂದರೆ "ಗಾಂಬೆ! ಗಾಂಬೆ!" ಅಂತ ಕೂಗುತ್ತಾರೆ, ಕಾಲು ಕಾಲು ಅಂತ. ಕೆ.ಆರ್. ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತವರು "ಸೈಡ್ ಸೈಡ್" ಅನ್ನುವ ಅದೇ ರಾಗ. ಆತ ಮೇಲೆ ಬಂದು, ನಮ್ಮ ಸ್ಟ್ರಾಲರನ್ನು ಹಿಮ್ಮುಖ ತಿರುಗಿಸಿ, ದೊಡ್ಡ ಚಕ್ರವನ್ನು ಮೆಟ್ಟಿಲ ಅಂಚಿಗೆ ಒರಗಿಸಿ, ಹಿಡಿಯನ್ನು ಎದೆ ಮಟ್ಟಕ್ಕೆ ಎಳೆದು ಎರಡು ಮೆಟ್ಟಿಲು ಹತ್ತಿಸಿ ತೋರಿಸಿದ. ಎತ್ತಬೇಡ, ಎಳಿ. ಅಷ್ಟೇ ಪಾಠ. ಅಲ್ಲಿಂದ ಮುಂದೆ ನನಗೆ ಮುಂದಿನ ಚಕ್ರ ಹಿಡಿಯುವ ಕೆಲಸ ತಪ್ಪಿತು. ಗಂಡನ ಮುಖದಲ್ಲಿ ಗೆದ್ದ ಕಳೆ. ಸೋತವಳು ನಾನು ಅಂತ ಒಪ್ಪಲು ನಾನು ತಯಾರಿರಲಿಲ್ಲ.

ಮಧ್ಯಾಹ್ನ ಸಾನ್ ಜಾಕೊಮೊ ದೆಲ್ಲೋರಿಯೊ ಅನ್ನುವ ಬಯಲು ಸಿಕ್ಕಿತು. ಇಲ್ಲಿ ಇಂಥ ಬಯಲಿಗೆ ಕಾಂಪೊ ಅನ್ನುತ್ತಾರೆ, ಅಂದರೆ ಹೊಲ. ಕಲ್ಲು ಹಾಸುವ ಮುಂಚೆ ಹುಲ್ಲು ಬೆಳೆಯುತ್ತಿದ್ದ ಜಾಗಗಳಂತೆ. ಮರಗಳಿದ್ದವು, ನೆರಳಲ್ಲಿ ಬೆಂಚುಗಳಿದ್ದವು. ವೆನಿಸ್‌ನಲ್ಲಿ ಪುಕ್ಕಟೆ ಕೂರಲು ಜಾಗ ಸಿಗುವುದೇ ದೊಡ್ಡ ಭಾಗ್ಯ. ಸಾನ್ ಮಾರ್ಕೊ ಕಡೆ ಮೆಟ್ಟಿಲ ಮೇಲೆ ಕೂತು ಊಟ ಮಾಡಿದರೆ ದಂಡ. ಡಬ್ಬಿ ತೆಗೆದೆವು. ಮಗಳ ಕೈಯಲ್ಲಿದ್ದ ಚಕ್ಕುಲಿಯನ್ನು ಕೋಳಿ ಗಾತ್ರದ ಒಂದು ಸೀಗಲ್ ಹಿಂದಿನಿಂದ ಬಂದು ಎಗರಿಸಿತು. ಅವಳು ಅಳಲು ಬಾಯಿ ತೆರೆದವಳು, ಹಕ್ಕಿ ಖಾರಕ್ಕೆ ತಲೆ ಒದರುವುದನ್ನು ನೋಡಿ ನಕ್ಕಳು.

ಅಷ್ಟು ಹೊತ್ತಿಗೆ ಅಮ್ಮನ ವಿಡಿಯೊ ಕಾಲ್. ಅರಸೀಕೆರೆಯಲ್ಲಿ ಸಂಜೆ ದೀಪ ಹಚ್ಚುವ ಹೊತ್ತು. ಸೇತುವೆ, ಸ್ಟ್ರಾಲರ್, ಕ್ರಾಕ್ಸ್ ಎಲ್ಲ ವರದಿ ಒಪ್ಪಿಸಿದೆ. ಅಮ್ಮ ಎಲ್ಲ ಕೇಳಿ, "ಅಲ್ಲಾ ಕಣೇ, ನಿನ್ನನ್ನ ಒಂದು ದಿನ ಗಾಡೀಲಿ ಕೂರಿಸಲಿಲ್ಲ ನಾವು" ಅಂದರು. ನಿಜವೇ. ಶ್ರವಣಬೆಳಗೊಳದ ಬೆಟ್ಟಕ್ಕೂ ನನ್ನನ್ನು ಎತ್ತಿಕೊಂಡೇ ಹತ್ತಿದ್ದರಂತೆ. ಅರ್ಧ ದಾರಿ ಚಿಕ್ಕಪ್ಪ, ಆಮೇಲೆ ಸೋದರತ್ತೆ, ಇಳಿಯುವಾಗ ಪರಿಚಯವೇ ಇಲ್ಲದ ಯಾರೋ ಹಾಸನದವರು. ಅಷ್ಟು ಸೊಂಟಗಳಿದ್ದ ಮನೆಗೆ ಸ್ಟ್ರಾಲರ್ ಯಾಕೆ ಬೇಕಿತ್ತು? ನಮಗಿಲ್ಲಿ ಇರುವುದು ಎರಡೇ ಸೊಂಟ. ಅದರಲ್ಲೂ ಒಂದಕ್ಕೆ ಡಿಸ್ಕ್ ತೊಂದರೆ. ಈ ಮಾತನ್ನು ಅಮ್ಮನಿಗೆ ಹೇಳಲಿಲ್ಲ. ಗಂಡನಿಗೂ ಹೇಳಲಿಲ್ಲ. ಹೇಳಿದ್ದರೆ ಅವನೇ ಗೆದ್ದ ಹಾಗಾಗುತ್ತಿತ್ತು.

ಊಟದ ನಂತರ ಮಗ ಸ್ಟ್ರಾಲರ್‌ನಲ್ಲೇ ನಿದ್ದೆ ಹೋದ. ಮಲಗಿದ ಮಗುವನ್ನು ಎಳೆದು ಹತ್ತಿಸಿದರೆ ಪ್ರತಿ ಮೆಟ್ಟಿಲಿಗೂ ಕುಲುಕುತ್ತದೆ, ಹಾಗಾಗಿ ಮತ್ತೆ ಎತ್ತಬೇಕಾಯಿತು. ಆವಾಗ ಒಂದು ವಿಚಿತ್ರ ಗಮನಿಸಿದೆ. ನಾನು ಮುಂದಿನ ಚಕ್ರಕ್ಕೆ ಬಗ್ಗುವ ಮೊದಲೇ ಯಾವುದೋ ಕೈ ಅಲ್ಲಿರುತ್ತಿತ್ತು. ಒಮ್ಮೆ ತರಕಾರಿ ಚೀಲ ಹಿಡಿದ ಮುದುಕ. ಒಮ್ಮೆ ಮೈತುಂಬ ಹಚ್ಚೆ ಹಾಕಿಸಿಕೊಂಡ ಹುಡುಗಿ. ಒಮ್ಮೆ ನಮ್ಮ ಥರವೇ ಬೆವರುತ್ತಿದ್ದ ಕೊರಿಯಾದ ಪ್ರವಾಸಿ. ಬೇಕಾ ಅಂತ ಕೇಳುವುದಿಲ್ಲ, ಎತ್ತುತ್ತಾರೆ, ಆಚೆ ಇಳಿಸುತ್ತಾರೆ, ಹೋಗುತ್ತಾರೆ. ನಾನು ಗ್ರಾತ್ಸಿಯೆ ಅನ್ನುವಷ್ಟರಲ್ಲಿ ಓಣಿ ತಿರುಗಿರುತ್ತಿದ್ದರು. ಮಗಳು ಗೀಟಿನ ಪಕ್ಕ ಒಂದು ಪುಟ್ಟ ಸೊನ್ನೆ ಬರೆಯಲು ಶುರು ಮಾಡಿದಳು. ಸೊನ್ನೆ ಅಂದರೆ ಅಮ್ಮ ಎತ್ತಲಿಲ್ಲ ಅಂತ.

ರಿಯಾಲ್ಟೊ ಸೇತುವೆ ಹದಿನಾಲ್ಕನೆಯದು. 1591ರಿಂದ ನಿಂತಿರುವ ಕಲ್ಲಿನ ಸೇತುವೆ, ಮೇಲೆ ಎರಡು ಸಾಲು ಅಂಗಡಿ. ಅದರ ಬಗ್ಗೆ ನನಗೆ ನೆನಪಿರುವುದು ಬೆನ್ನುಗಳು ಮಾತ್ರ. ಅಷ್ಟು ಜನ. ಇಳಿದ ಮೇಲೆ ಮಗಳ ಹಿಮ್ಮಡಿಗೆ ಗುಳ್ಳೆ ಬಂದದ್ದು ಗೊತ್ತಾಯಿತು. ಹತ್ತಿರದ ಸಾನ್ ಬಾರ್ತೊಲೊಮಿಯೊ ಬಯಲಿನಲ್ಲಿ ಒಂದು ಔಷಧಿ ಅಂಗಡಿ. ಅದರ ಗಾಜಿನ ಕಿಟಕಿಯಲ್ಲಿ ಗಡಿಯಾರದಂತೆ ಅಂಕಿಗಳು ಬೆಳಗುತ್ತಿದ್ದವು. ಟೈಮ್ ಅಲ್ಲ. ವೆನಿಸ್ ದ್ವೀಪದಲ್ಲಿ ಈಗ ಎಷ್ಟು ಜನ ವಾಸವಿದ್ದಾರೆ ಅನ್ನುವ ಲೆಕ್ಕ. 2008ರಲ್ಲಿ ಇದನ್ನು ಇಟ್ಟಾಗ 60 ಸಾವಿರ ಚಿಲ್ಲರೆ ಇತ್ತಂತೆ. ಈಗ 50 ಸಾವಿರಕ್ಕಿಂತ ಕೆಳಗೆ. 1950ರ ದಶಕದ ಆರಂಭದಲ್ಲಿ ಇಲ್ಲಿ 1.7 ಲಕ್ಷಕ್ಕೂ ಹೆಚ್ಚು ಜನ ಇದ್ದರು. ಮನೆಗಳೆಲ್ಲ ನಮ್ಮಂಥವರ ಬಾಡಿಗೆ ರೂಮುಗಳಾಗಿವೆ, ಇದ್ದವರು ಮೆಸ್ತ್ರೆಗೆ ಹೋಗಿದ್ದಾರೆ.

ಲೆಕ್ಕ ಅಂದ ಕೂಡಲೇ ಮಗಳಿಗೆ ಕುತೂಹಲ. "ಇದರಲ್ಲಿ ನಾವೂ ಇದೀವಾ?"

"ಇಲ್ಲ ಪುಟ್ಟಿ. ನಮ್ಮ ಲೆಕ್ಕ ಮ್ಯೂನಿಕ್‌ನಲ್ಲಿ."

"ಅಜ್ಜಿ ಊರಲ್ಲಿ?"

ಗುಳ್ಳೆಗೆ ಪ್ಲಾಸ್ಟರ್ ಹಚ್ಚುತ್ತಿದ್ದೆ. ಗಟ್ಟಿಯಾಗಿ ಅಂಟಿಕೊಳ್ತಾ ನೋಡು ಅಂದೆ.

ಸಾನ್ ಮಾರ್ಕೊ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕ್ಯೂ ನೋಡಿ ಚರ್ಚಿನ ಒಳಗೆ ಹೋಗುವ ಆಸೆ ಬಿಟ್ಟೆವು. ಎತ್ತರದ ಗಂಟೆ ಗೋಪುರದ ನೆರಳಲ್ಲಿ ಹತ್ತು ನಿಮಿಷ ನಿಂತೆವು. 1902ರಲ್ಲಿ ಇದು ದಬಕ್ಕನೆ ಬಿದ್ದುಹೋಗಿತ್ತು, ಜನ ಯಾರೂ ಸಾಯಲಿಲ್ಲ, ಹತ್ತು ವರ್ಷದಲ್ಲಿ ಮತ್ತೆ ಹಾಗೇ ಕಟ್ಟಿದರು ಅಂತ ಗಂಡ ಕಥೆ ಹೇಳಿದ. ಮಗಳು ಗೋಪುರವನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ನೆರಳಿನಿಂದ ಸರಿದು ಬಿಸಿಲಲ್ಲಿ ನಿಂತಳು.

ವಾಪಸ್ ನಡೆಯುವ ಶಕ್ತಿ ಯಾರಿಗೂ ಇರಲಿಲ್ಲ. ಅಷ್ಟು ಹೊತ್ತಿಗೆ ಇಪ್ಪತ್ತಮೂರು ಗೀಟಾಗಿತ್ತು. ವಪೊರೆತ್ತೊ ಅಂದರೆ ಇಲ್ಲಿನ ಸಿಟಿ ಬಸ್ಸು, ದೋಣಿ. ಒಬ್ಬರಿಗೆ 9.50 ಯೂರೊ, ಆರು ವರ್ಷದೊಳಗಿನವರಿಗೆ ಪುಕ್ಕಟೆ. ಮೂರು ಟಿಕೆಟ್‌ಗೆ 28.50. ರೂಪಾಯಿಗೆ ಲೆಕ್ಕ ಹಾಕುವ ಚಟ ಹತ್ತು ವರ್ಷದಿಂದ ಬಿಟ್ಟಿಲ್ಲ, ಹಾಕಿದೆ, ಹೊಟ್ಟೆ ಉರಿಸಿಕೊಂಡೆ. ಒಂದನೇ ನಂಬರಿನ ದೋಣಿ ಪ್ರತಿ ಸ್ಟಾಪಿನಲ್ಲೂ ನಿಂತು ನಿಂತು ಹೋಗುತ್ತದೆ. ಇಳಿಬಿಸಿಲು, ನೀರಿನಿಂದ ಎದ್ದು ನಿಂತ ಮನೆಗಳು, ಬಾಗಿಲ ತನಕ ಅಲೆ. ರಿಯಾಲ್ಟೊ ನಮ್ಮ ತಲೆ ಮೇಲೆ ದಾಟಿತು. ಮಗಳು ಪೆನ್ಸಿಲ್ ಎತ್ತಿಕೊಂಡಳು.

"ಅಡಿಯಿಂದ ಹೋಗಿದ್ದು ಲೆಕ್ಕಕ್ಕೆ ಬರುತ್ತಾ?"

ಗಂಡ ಇಲ್ಲ ಅಂದ. ಎತ್ತಿದ್ದರೆ ಮಾತ್ರ ಲೆಕ್ಕ. ಅವಳು ಪೆನ್ಸಿಲ್ ಒಳಗಿಟ್ಟಳು.

ಮೆಸ್ತ್ರೆ ತಲುಪಿದಾಗ ರಾತ್ರಿ ಒಂಬತ್ತು. ಮಗ ಎರಡನೇ ಸಲ ಗಾಢ ನಿದ್ದೆಯಲ್ಲಿ, ಒಂದು ಕಾಲಿಗೆ ಒಣಗಿದ ಕ್ರಾಕ್ಸ್, ಇನ್ನೊಂದು ಬರಿಗಾಲು. ಹೋಟೆಲ್ ಲಿಫ್ಟಿನ ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದರು. ಗ್ವಾಸ್ತೊ. ಕೆಟ್ಟಿದೆ. ನಮ್ಮ ರೂಮು ಮೂರನೇ ಮಹಡಿಯಲ್ಲಿ.

ಗಂಡ ನನ್ನನ್ನು ನೋಡಿದ. ಆ ಮಾತು ನನ್ನ ನಾಲಿಗೆ ತುದಿಗೇ ಬಂದಿತ್ತು. ಆಡಲಿಲ್ಲ. ಸುಮ್ನೆ ಬಗ್ಗಿ ಮುಂದಿನ ಚಕ್ರ ಹಿಡಿದೆ.

ಹಿಂದೆ ಮೆಟ್ಟಿಲ ಮೇಲೆ ಕೂತು ಮಗಳು ಡೈರಿ ತೆಗೆಯುವ ಸದ್ದು.

"ಇದು ಬ್ರಿಡ್ಜ್ ಅಲ್ಲ ಕಣೇ," ಅಂದ ಗಂಡ, ಏದುಸಿರು ಬಿಡುತ್ತಾ.

"ಎತ್ತಿದ್ರೆ ಲೆಕ್ಕ ಅಂತ ನೀನೇ ಹೇಳಿದ್ದು," ಅಂದಳು. ಒಂದು ಗೀಟು ಎಳೆದಳು. ಸೊನ್ನೆ ಹಾಕಲಿಲ್ಲ.