ಸಾವಧಾನ್ ಇತ್ತಲ್ಲಮ್ಮ

ಆಗಸ್ಟ್ 15 ಕಳೆದು ನಾಲ್ಕು ದಿನವಾಯ್ತು. ಮಗಳ ಒಂದು ಮಾತು ಕಿವಿಯಿಂದ ಇನ್ನೂ ಇಳಿದಿಲ್ಲ. ಕುಕ್ಕರ್ ಕೂಗು ಎಣಿಸುವಾಗ ಬರುತ್ತೆ, ಆಫೀಸಲ್ಲಿ ಲೆಡ್ಜರ್ ತಾಳೆ ನೋಡುವಾಗ ಬರುತ್ತೆ. "ಸಾವಧಾನ್ ಇತ್ತಲ್ಲಮ್ಮ."

ಅವಳೀಗ ಒಂಬತ್ತನೇ ಕ್ಲಾಸು, ಎನ್‌ಸಿಸಿ ಜೂನಿಯರ್ ವಿಂಗ್‌ನಲ್ಲಿ ಎರಡನೇ ವರ್ಷ. ಅವತ್ತು ಬೆಳಗ್ಗೆ ಆರೂವರೆಗೇ ಮೈದಾನಕ್ಕೆ ಬರಬೇಕು ಅಂತ ಆರ್ಡರ್ ಆಗಿತ್ತು. ಹಿಂದಿನ ದಿನವೇ ಗಂಜಿ ಹಾಕಿ ಇಸ್ತ್ರಿ ಮಾಡಿದ ಖಾಕಿ, ಬ್ರಾಸೋ ಹಚ್ಚಿ ಉಜ್ಜಿದ ಬಕಲ್ಲು, ಟೋಪಿಗೆ ಸಿಕ್ಕಿಸಿದ ಕೆಂಪು ಗರಿಗೊಂಚಲು, ಅದೇ ಹ್ಯಾಕಲ್. ಮುಂಜಾನೆ ಸೋನೆ ಹಿಡಿದಿತ್ತು, ಎಂಟೂವರೆ ಹೊತ್ತಿಗೆ ಮೋಡ ಸರಿದು ಚುರುಗುಟ್ಟುವ ಬಿಸಿಲು ಬಂತು. ಒದ್ದೆ ನೆಲದಿಂದ ಹಬೆ ಏಳ್ತಿತ್ತು. ಮುಖ್ಯ ಅತಿಥಿಗಳು ನಲವತ್ತು ನಿಮಿಷ ತಡ. ಶಾಮಿಯಾನದ ಕೆಳಗೆ ಕೂತವರಿಗೆ ಬಿಸ್ಕತ್ತು, ನೀರಿನ ಬಾಟಲಿ ಬಂತು. ಮಕ್ಕಳಿಗೆ ಬಂದದ್ದು ಮೈಕಿನಲ್ಲಿ "ಇನ್ನೇನು ಕೆಲವೇ ಕ್ಷಣಗಳಲ್ಲಿ" ಅನ್ನೋ ಮಾತು, ಅದೂ ಹನ್ನೆರಡು ಸಲ. ಬೇಕಂತಲೇ ಎಣಿಸಿದೆ.

ಆಮೇಲೆ ತೆರೆದ ಜೀಪಿನಲ್ಲಿ ಪರೇಡ್ ವೀಕ್ಷಣೆ. "ಪರೇಡ್, ಸಾವಧಾನ್!" ಅಂದರೆ ನೆಟ್ಟಗೆ ನಿಲ್ಲಬೇಕು, ಅಲ್ಲಾಡಬಾರದು. ಇನ್ನೂರು ಹಿಮ್ಮಡಿ ಒಟ್ಟಿಗೆ ಬಡಿದ ಸದ್ದಿಗೆ ಈಗಲೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತೆ. ಜೀಪು ಪೊಲೀಸ್ ತುಕಡಿ ದಾಟಿ, ಹೋಮ್ ಗಾರ್ಡ್ಸ್ ದಾಟಿ, ಹುಡುಗಿಯರ ತುಕಡಿಯತ್ತ ತಿರುಗಿತ್ತಷ್ಟೆ. ಮೊದಲ ಸಾಲಲ್ಲಿ ನನ್ನ ಮಗಳ ಬಲಕ್ಕಿದ್ದ ಹುಡುಗಿ ಒಮ್ಮೆ ತೂಗಿದಳು, ಹಾಗೇ ಮುಖ ಕೆಳಗಾಗಿ ಬಿದ್ದಳು. ಕೈ ಊರಲೂ ಇಲ್ಲ. ಗದ್ದ ನೆಲಕ್ಕೆ ಬಡಿದ ಸದ್ದು ನಮಗೆ ಕೇಳಿಸಲಿಲ್ಲ, ಬ್ಯಾಂಡು ಬಾರಿಸ್ತಿತ್ತು.

ಮಗಳು ಅಲ್ಲಾಡಲಿಲ್ಲ. ಕತ್ತು ಕೂಡ ತಿರುಗಿಸಲಿಲ್ಲ. ಹಿಂದಿನಿಂದ ಹೋಮ್ ಗಾರ್ಡ್ ಹೆಂಗಸೊಬ್ಬರು ಓಡಿ ಬಂದು ಆ ಮಗುವನ್ನು ಎತ್ತಿಕೊಂಡು ಹೋಗುವವರೆಗೆ, ಕಾಲ ಬುಡದಲ್ಲಿ ಗೆಳತಿ ಬಿದ್ದಿರುವಾಗ, ಇವಳು ಹೆಬ್ಬೆರಳು ಪ್ಯಾಂಟಿನ ಹೊಲಿಗೆಗೆ ಒತ್ತಿ, ಗದ್ದ ಎತ್ತಿ ನಿಂತೇ ಇದ್ದಳು.

ನನ್ನ ಪಕ್ಕ ನಿಂತು ಮೊಬೈಲಿನಲ್ಲಿ ಅದನ್ನೂ ವಿಡಿಯೋ ಮಾಡುತ್ತಿದ್ದ ಮಹಾನುಭಾವರೊಬ್ಬರು, "ಡಿಸಿಪ್ಲಿನ್ ಅಂದ್ರೆ ಅದು ನೋಡ್ರೀ, ಪಕ್ಕದ ಹುಡುಗಿ ಮಿಸುಕಲೇ ಇಲ್ಲ" ಅಂದರು. ಸುಳ್ಳು ಯಾಕೆ ಹೇಳಲಿ, "ಅವಳು ನನ್ನ ಮಗಳು" ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು. ಹೆಮ್ಮೆಯಾಗಿತ್ತು. ಹೊಟ್ಟೆಯಲ್ಲಿ ಏನೋ ಕಿವುಚಿದ್ದು ಅದಾದ ಮೇಲೆ.

ವಾಪಸ್ ಬರುವಾಗ ಸ್ಕೂಟರಿನಲ್ಲಿ ಕೇಳಿದೆ: "ಅವಳು ಬೀಳೋವಾಗ ನೀನ್ಯಾಕೆ ಹಿಡ್ಕೊಳ್ಳಿಲ್ಲ?"

"ಸಾವಧಾನ್ ಇತ್ತಲ್ಲಮ್ಮ."

ಸಮರ್ಥನೆಯ ದನಿ ಅಲ್ಲ ಅದು. "ಮಳೆ ಇತ್ತಲ್ಲಮ್ಮ, ಅದಕ್ಕೆ ಬಟ್ಟೆ ಒಣಗಿಲ್ಲ" ಅನ್ನುವಾಗಿನ ದನಿ. ನನಗೆ ರೇಗಿಹೋಯ್ತು. ಅರ್ಧ ದಾರಿವರೆಗೂ ಬಯ್ದೆ. ಮಾನವೀಯತೆ ಅಂದೆ, ಗೆಳೆತನ ಅಂದೆ, ಇನ್ನೂ ಏನೇನೋ ಅಂದೆ. ಅವಳು ಕನ್ನಡಿಯಲ್ಲಿ ನನ್ನ ಮುಖ ನೋಡ್ತಿದ್ದಳೇ ಹೊರತು ತುಟಿ ಎರಡು ಮಾಡಲಿಲ್ಲ.

ಆದರೆ ಅವಳಿಗೆ ಹಾಗೆ ನಿಲ್ಲೋದು ಕಲಿಸಿದ್ದು ಯಾರು? ನಾನೇ. 1996ರಲ್ಲಿ ನಾನೂ ಜೂನಿಯರ್ ವಿಂಗ್ ಕ್ಯಾಡೆಟ್ಟು, ಹಾಸನ ಜಿಲ್ಲೆಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ. ಹಿಮ್ಮಡಿ ಕೂಡಿಸಿ ಮುಂಗಾಲ ನಡುವೆ 30 ಡಿಗ್ರಿ, ಮುಷ್ಟಿ ಬಿಗಿ, ನೋಟ ನೇರ. ಹೋದ ವರ್ಷ ನಮ್ಮನೆ ಟೆರೇಸಿನಲ್ಲಿ ಇದನ್ನೆಲ್ಲ ಅಭ್ಯಾಸ ಮಾಡಿಸಿದವಳು ನಾನು. ಅತ್ತೆ ಮೆಟ್ಟಿಲ ಬಳಿ ನಿಂತು "ಹೆಣ್ಣುಮಗೂನ ಮಿಲಿಟ್ರಿಗೆ ಕಳಿಸ್ತೀಯೇನೇ?" ಅಂದಿದ್ದಕ್ಕೆ, ಸಿಇಟಿಯಲ್ಲಿ ಎನ್‌ಸಿಸಿ ಕೋಟಾ ಇದೆ ಅಂತ ಬಾಯಿ ಮುಚ್ಚಿಸಿದ್ದೆ. ಅತ್ತೆಗೆ ಕೋಟಾ ಅಂದರೆ ಸಾಕು, ಆಮೇಲೆ ಅವರೇ ಶೂ ಪಾಲಿಶ್ ಮಾಡಿಕೊಡೋಕೆ ಶುರು ಮಾಡಿದರು.

ತಲೆ ತಿರುಗದ ಹಾಗೆ ನಿಲ್ಲೋದು ಹೇಗೆ ಅಂತಲೂ ಹೇಳಿಕೊಟ್ಟಿದ್ದೆ. ಮಂಡಿಯನ್ನು ಬಿಗಿ ಮಾಡಿ ಹಿಂದಕ್ಕೆ ಒತ್ತಬಾರದು, ಶೂ ಒಳಗೆ ಕಾಲ್ಬೆರಳು ಆಡಿಸ್ತಾ ಇರಬೇಕು, ಹೊರಗಿನವರಿಗೆ ಕಾಣಿಸಲ್ಲ. ಮೀನಖಂಡದ ಸ್ನಾಯು ಅಲುಗದಿದ್ದರೆ ರಕ್ತ ಕಾಲಲ್ಲೇ ನಿಂತುಬಿಡುತ್ತೆ, ಮೆದುಳಿಗೆ ಸಾಲದೇ ಬರುತ್ತೆ. ಬೀಳೋದೇ ಆಗ ದೇಹ ಮಾಡಿಕೊಳ್ಳುವ ಮದ್ದು, ಅಡ್ಡ ಆದರೆ ರಕ್ತ ತಲೆಗೆ ಬರುತ್ತಲ್ಲ. ಅದಕ್ಕೇ ಬಿದ್ದವರನ್ನು ಮಲಗಿಸಿ ಕಾಲು ಎತ್ತಿ ಹಿಡಿಯಬೇಕು, ಅವಸರಪಟ್ಟು ಕೂರಿಸಬಾರದು. ಅವತ್ತು ಶಾಮಿಯಾನದ ಹಿಂದೆ ಆ ಮಗುವನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಹತ್ತು ಜನ ಸುತ್ತುಗಟ್ಟಿ ಈರುಳ್ಳಿ ಮೂಸಿಸ್ತಿದ್ದರು. ಗದ್ದಕ್ಕೆ ಮೂರು ಹೊಲಿಗೆ ಬಿತ್ತು.

ಇಷ್ಟೆಲ್ಲ ಕಲಿಸಿದವಳು ಒಂದನ್ನು ಹೇಳಲಿಲ್ಲ. ಆ ಹುಡುಗಿ ಬೆಳಗ್ಗೆಯಿಂದ ಒಂದು ಗುಟುಕು ನೀರು ಕುಡಿದಿರಲಿಲ್ಲವಂತೆ. ಮಗಳೂ ಕುಡಿದಿರಲಿಲ್ಲ. ತುಕಡಿಯ ಯಾವ ಹುಡುಗಿಯೂ ಕುಡಿದಿರಲಿಲ್ಲ. ಮೈದಾನದ ಶೌಚಾಲಯಕ್ಕೆ ಬೀಗ, ಕೀಲಿ ಯಾರ ಹತ್ತಿರವೋ. ಬೆಲ್ಟು ಬಿಗಿದ ಯೂನಿಫಾರ್ಮಿನಲ್ಲಿ ಎಲ್ಲಿಗೆ ಅಂತ ಹೋಗೋದು? ಅದಕ್ಕೆ ಬಾಯಿ ಒಣಗಿಸಿಕೊಂಡೇ ಬರೋದು. 1996ರಲ್ಲಿ ನಾವೂ ಅದನ್ನೇ ಮಾಡ್ತಿದ್ವಿ. ಹುಡುಗಿಯರಿಗೆ ಎನ್‌ಸಿಸಿ ಶುರುವಾಗಿದ್ದು 1949ರಲ್ಲಿ. ಅಷ್ಟು ವರ್ಷದಿಂದ ನಾವು ಪರೇಡ್ ಮಾಡ್ತಿದ್ದೀವಿ, ಕೀಲಿ ಮಾತ್ರ ಇನ್ನೂ ಯಾರ ಹತ್ತಿರವೋ ಇದೆ.

ನಮ್ಮ ಕಾಲದ ಉಸ್ತಾದ್ ನೆನಪಾದರು. ಯೂನಿಟ್ಟಿನಿಂದ ಡ್ರಿಲ್ ಹೇಳಿಕೊಡೋಕೆ ಬರ್ತಿದ್ದ ಹವಾಲ್ದಾರರು, ಉತ್ತರದ ಕಡೆಯವರು, ಮೀಸೆ ದೊಡ್ಡದು, ಗಂಟಲು ಅದಕ್ಕಿಂತ ದೊಡ್ಡದು. ಕಮಾಂಡೆಲ್ಲ ಹಿಂದಿಯಲ್ಲಿ. ನಮಗೋ ಹಿಂದಿ ಅಂದರೆ ಪಠ್ಯಪುಸ್ತಕದ ಪ್ರಶ್ನೋತ್ತರ. ಮೊದಲ ದಿನ ಅವರು "ಬಾಯೇ ಮುಡ್" ಅಂದಾಗ ಹಿಂದಿನ ಸಾಲಿನ ಒಬ್ಬಳು "ಬಾಯಿ ಮುಚ್ಚು ಅಂತಿದಾರೆ ಕಣ್ರೇ" ಅಂತ ಪಿಸುಗುಟ್ಟಿ, ಎಲ್ಲರೂ ಬಾಯಿ ಮುಚ್ಚಿ ನಿಂತಿದ್ವಿ, ಎಡಕ್ಕೆ ತಿರುಗಿದವರು ಒಬ್ಬರೂ ಇಲ್ಲ. ಸ್ವಲ್ಪ ಮಿಸುಕಿದರೂ "ಹಿಲೋ ಮತ್!" ಅಂತ ಗುಡುಗು. ವಿಶ್ರಾಮ್ ಅಂದಾಗಲೂ ಅಲ್ಲಾಡುವ ಹಾಗಿಲ್ಲ ಅನ್ನೋದು ನಮಗೆ ದೊಡ್ಡ ಮೋಸ ಅನಿಸ್ತಿತ್ತು. "ಆರಾಮ್ ಸೇ" ಅಂದರೆ ಮಾತ್ರ ಸೊಂಟದ ಮೇಲಿನ ಭಾಗ ಸಡಿಲ ಬಿಡಬಹುದು. ಪಾದ ಆಗಲೂ ಸರ್ಕಾರದ್ದೇ.

ಅವರಿಗೆ ಕನ್ನಡದಲ್ಲಿ ಬರ್ತಿದ್ದದ್ದು ಎರಡೇ ಪದ. ಪರೇಡ್ ಶುರುವಾಗೋ ಮುಂಚೆ ಸಾಲಿನ ಉದ್ದಕ್ಕೂ ನಡೆದು, ಒಬ್ಬೊಬ್ಬಳ ಮುಖ ನೋಡಿ, "ಊಟಾ ಆಯ್ತಾ?" ಬೆಳಗ್ಗೆ ಆರೂವರೆಗೆ ಯಾರ ಮನೇಲಿ ಊಟ! ನಾವು ಮುಸಿಮುಸಿ ನಗ್ತಿದ್ವಿ. ಇಲ್ಲ ಅಂದವಳನ್ನು ಪಕ್ಕಕ್ಕೆ ಕರೆದು ಚೀಲದಿಂದ ಬನ್ನು ಕೊಡ್ತಿದ್ದರು. ಕನ್ನಡ ಬರಲ್ಲ ಪಾಪ, ಬಂದದ್ದನ್ನೇ ಮತ್ತೆ ಮತ್ತೆ ಹೇಳ್ತಾರೆ ಅಂದುಕೊಂಡಿದ್ವಿ. ಯಾರು ಬೀಳ್ತಾರೆ ಅಂತ ಅವರು ನೋಡಿಟ್ಟುಕೊಳ್ತಿದ್ದರು ಅಂತ ನನಗೆ ಹೊಳೆದದ್ದು ಈ ವಾರ, ಪಾತ್ರೆ ತೊಳೆಯುವಾಗ.

ಅಲ್ಲಾಡಬಾರದು ಅನ್ನೋದನ್ನೇ ನಾನು ತಪ್ಪು ಅಂತಿಲ್ಲ. ಕ್ಯಾಂಪಿನಲ್ಲಿ .22 ರೈಫಲ್ ಕೊಟ್ಟು 25 ಗಜ ದೂರದ ಟಾರ್ಗೆಟ್ಟಿಗೆ ಐದು ಗುಂಡು ಹೊಡೆಸಿದರು. ನನ್ನ ಐದರಲ್ಲಿ ಮೂರು ಎಲ್ಲಿಗೆ ಹೋದವೋ ದೇವರೇ ಬಲ್ಲ. ಅಲ್ಲಿ ಆರ್ಡರ್ ಬರೋ ಮುಂಚೆ ಒಬ್ಬಳು ಎದ್ದು "ನನ್ನದು ತಾಗಿತಾ" ಅಂತ ಮುಂದೆ ಓಡಿದರೆ ಹೆಣ ಬೀಳುತ್ತೆ. ಅಲ್ಲಿ ಕದಲದೆ ಇರೋದಕ್ಕೆ ಒಂದು ಅರ್ಥ ಇದೆ. ಹದಿಮೂರು ವರ್ಷದ ಮಕ್ಕಳಿಗೆ ಅದು ಬೇಗ ಅರ್ಥವಾಗುತ್ತೆ ಕೂಡ. ಎನ್‌ಸಿಸಿ ಧ್ಯೇಯವಾಕ್ಯವೇ ಏಕತೆ ಮತ್ತು ಶಿಸ್ತು. ಶಿಸ್ತನ್ನು ನಮ್ಮ ಪರೇಡುಗಳು ಚೆನ್ನಾಗಿಯೇ ಕಲಿಸುತ್ತವೆ. ಏಕತೆಯ ಪಾಠ ಯಾವ ಪೀರಿಯಡ್ಡಿನಲ್ಲಿ ಅಂತ ನನಗೆ ಈಗ ಅನುಮಾನ.

ಅಪ್ಪನಿಗೆ ಫೋನಿನಲ್ಲಿ ಇದನ್ನೇ ಹೇಳಿಕೊಂಡೆ. ಅವರು ಕಾಲೇಜಿಗೆ ಹೋಗಿದ್ದು ಚೀನಾ ಯುದ್ಧದ ನಂತರ, ಹುಡುಗರಿಗೆಲ್ಲ ಎನ್‌ಸಿಸಿ ಕಡ್ಡಾಯವಾಗಿದ್ದ ಕಾಲದಲ್ಲಿ. "ನಮ್ಮಲ್ಲಿ ಅರ್ಧ ಜನ ಬೇಕಂತಲೇ ಬೀಳ್ತಿದ್ವಿ ಕಣಮ್ಮ, ನೆರಳಿಗೆ ಕರ್ಕೊಂಡೋಗ್ತಿದ್ರು" ಅಂತ ಜೋರಾಗಿ ನಕ್ಕರು. ಅಪ್ಪನ ಹತ್ತಿರ ಗಂಭೀರದ ವಿಷಯ ಮಾತಾಡೋಕೆ ಹೋಗೋದು ನನ್ನದೇ ತಪ್ಪು.

ಆದರೆ ಸೋಮವಾರ ಇನ್ನೊಂದು ನಡೆಯಿತು. ಆಫೀಸಿನಲ್ಲಿ ಮೀಟಿಂಗು. ನಮ್ಮ ಸೆಕ್ಷನ್ನಿನ ಹಿರಿಯರೊಬ್ಬರು, ರಿಟೈರ್ ಆಗೋಕೆ ಎಂಟು ತಿಂಗಳಿದೆ, ಒಂದು ಎಂಟ್ರಿ ತಪ್ಪು ಮಾಡಿದ್ದರು. ಸಾಹೇಬರು ಎಲ್ಲರೆದುರೇ ಅವರನ್ನು ಏಕವಚನದಲ್ಲಿ ಇಳಿಸಿದರು. ಆ ತಪ್ಪು ಅವರೊಬ್ಬರದ್ದಲ್ಲ ಅಂತ ಅಲ್ಲಿದ್ದ ಒಂಬತ್ತು ಜನಕ್ಕೂ ಗೊತ್ತು. ಒಂಬತ್ತು ಜನವೂ ಗೋಡೆ ಕ್ಯಾಲೆಂಡರಿನ ಕಡೆ ನೇರ ನೋಟ ನೆಟ್ಟು ಕೂತಿದ್ವಿ. ಟೇಬಲ್ಲಿನ ಕೆಳಗೆ ನನ್ನ ಕಾಲ್ಬೆರಳು ಚಪ್ಪಲಿಯೊಳಗೆ ಆಡ್ತಿದ್ದವು.

ಅಲ್ಲಿ ಯಾರೂ ಸಾವಧಾನ್ ಅಂದಿರಲಿಲ್ಲ.

ಸಂಜೆ ಮನೆಗೆ ಬಂದಾಗ ಮಗಳು ಜಗಲಿ ಮೇಲೆ ಕೂತು ಹಳೇ ಹಲ್ಲುಜ್ಜೋ ಬ್ರಷ್ಷಿನಿಂದ ಏನನ್ನೋ ತಿಕ್ಕುತ್ತಿದ್ದಳು. ಕೆಂಪು ಹ್ಯಾಕಲ್. ಅವಳದ್ದು ಟೋಪಿಯಲ್ಲೇ ಇತ್ತು, ಇದು ಬಿದ್ದ ಹುಡುಗಿಯದ್ದು. ಬಿದ್ದಾಗ ಟೋಪಿಯಿಂದ ಕಳಚಿ, ಮಾರ್ಚ್ ಪಾಸ್ಟಿನಲ್ಲಿ ಯಾರದೋ ಬೂಟಿನಡಿ ಸಿಕ್ಕಿ, ಗರಿಗಳೆಲ್ಲ ಮಣ್ಣಲ್ಲಿ ಅಂಟಿಕೊಂಡಿದ್ದವು. ವಿಸರ್ಜನ್ ಆದ ಮೇಲೆ ಇವಳು ಹುಡುಕಿ ಜೇಬಿಗೆ ಹಾಕಿಕೊಂಡಿದ್ದಾಳೆ. ಸ್ಕೂಟರಿನಲ್ಲಿ ನಾನು ಮಾನವೀಯತೆ ಬಗ್ಗೆ ಭಾಷಣ ಬಿಗಿಯುವಾಗ ಅದು ಅವಳ ಜೇಬಿನಲ್ಲೇ ಇತ್ತು.

"ಬೀಳೋಕ್ ಮುಂಚೆ ಅವಳ ಕೈ ನನ್ನ ಕೈಗೆ ತಾಗ್ತು" ಅಂದಳು, ತಲೆ ಎತ್ತದೆ. "ಸುಮ್ನೆ ತಾಗಿರ್ಬೇಕು ಅಂದ್ಕೊಂಡೆ. ನೀನಾಗಿದ್ರೆ ಹಿಡೀತಿದ್ಯಾ?"

"ಇಲ್ಲ ಕಣೇ" ಅಂದೆ.

ಅವಳು ಒಂದು ಸಲ ನನ್ನ ಮುಖ ನೋಡಿದಳು. ಬಯ್ಯುತ್ತಾಳೆ ಅಂದುಕೊಂಡೆ, ಬಯ್ಯಲಿಲ್ಲ. ಗರಿಯನ್ನು ಬೆಳಕಿಗೆ ಹಿಡಿದು, ಬುಡದಲ್ಲಿ ಇನ್ನೂ ಮಣ್ಣಿದೆಯಾ ಅಂತ ಉಗುರಲ್ಲಿ ಕೆದಕಿ ನೋಡಿದಳು.

"ಶನಿವಾರ ಪರೇಡಿಗೆ ಬರ್ತಾಳಂತೆ. ಗರಿ ಅಲ್ವಾಮ್ಮ ಇದು, ಶಾಂಪೂ ಹಾಕ್ಬೋದಾ?"